ವಿದೇಶದಲ್ಲಿ ಒಬ್ಬರೇ ಹೋಗಿ ಹಾಸ್ಟೆಲ್‌ನಲ್ಲಿ ಉಳಿದಿದ್ದೀರಾ? ಆ ದಿನ ಹೇಗಿತ್ತು, ಬೇಜಾರಾಗಲಿಲ್ವಾ?

ಉಳಿದಿದ್ದೇನೆ. ಒಂದೇ ರಾತ್ರಿ, ಅದೂ ಪಾಳುಬಿದ್ದ ಮಠದ ಪಕ್ಕದಲ್ಲಿ. ಬೇಜಾರಿನ ವಿಷಯ ಆಮೇಲೆ ಹೇಳ್ತೀನಿ.

ಊರಿನ ಹೆಸರು ವಿಟ್ಬಿ. ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯಲ್ಲಿದೆ. ನಾನಾಗ ಮಿಡಲ್ಸ್‌ಬರೋದಲ್ಲಿ ಓದುತ್ತಿದ್ದೆ. ಅಲ್ಲಿಂದ ವಿಟ್ಬಿಗೆ ಸುಮಾರು 56 ಕಿಲೋಮೀಟರ್, ರೈಲಿಗೆ ಬೇಕಾದದ್ದು ಒಂದೂವರೆ ಗಂಟೆ. ನಮ್ಮ ಪ್ಯಾಸೆಂಜರ್ ಗಾಡಿಯ ಅಣ್ಣ ಅನ್ನಿ. ಬಹುಪಾಲು ಒಂಟಿ ಹಳಿ, ಎರಡು ಬೋಗಿ, ದಿನಕ್ಕೆ ಬೆರಳೆಣಿಕೆಯ ಗಾಡಿಗಳು.

ಬ್ಯಾಟರ್ಸ್‌ಬಿ ಅಂತ ಒಂದು ಪುಟ್ಟ ಸ್ಟೇಷನ್ ಬಂತು. ಡ್ರೈವರ್ ಇಳಿದು, ಆರಾಮಾಗಿ ಪ್ಲಾಟ್‌ಫಾರ್ಮ್ ಮೇಲೆ ನಡೆದು, ಗಾಡಿಯ ಹಿಂದಿನ ತುದಿ ಹತ್ತಿದರು. ಗಾಡಿ ಬಂದ ದಿಕ್ಕಿಗೇ ಹೊರಟಿತು! ನಾನು ಬ್ಯಾಗ್ ಹಿಡಿದು ಎದ್ದು ನಿಂತೆ. ಎದುರಿಗಿದ್ದ ಅಜ್ಜಿ ನಕ್ಕು ಕೂರಲು ಸನ್ನೆ ಮಾಡಿದರು. ಹಿಂದೆ ಇಲ್ಲಿಂದ ಹಳಿ ಪಶ್ಚಿಮಕ್ಕೆ ಪಿಕ್ಟನ್ ಕಡೆಗೂ ಹೋಗುತ್ತಿತ್ತು. ಆ ದಾರಿಯ ಪ್ರಯಾಣಿಕರ ಗಾಡಿ 1954ರಲ್ಲಿ ನಿಂತಿತು. ಈಗ ಸ್ಟೇಷನ್ ಮುಂದಕ್ಕೆ ದಾರಿಯಿಲ್ಲದ ಓಣಿ ಆಗಿದೆ. ಅದಕ್ಕೇ ಪ್ರತಿ ಗಾಡಿಯೂ ಅಲ್ಲಿ ಹಿಂದೆ ಮುಂದಾಗಿ, ಬೇರೆ ಹಳಿ ಹಿಡಿದು ಎಸ್ಕ್ ನದಿಯ ಕಣಿವೆಗೆ ಇಳಿಯುತ್ತದೆ. ಸೆಪ್ಟೆಂಬರ್ ಮೊದಲ ವಾರ. ಗುಡ್ಡಗಳ ಮೇಲೆಲ್ಲ ಹೆದರ್ ಗಿಡ ಹೂ ಬಿಟ್ಟು ನೇರಳೆ ಬಣ್ಣ. ಫೋಟೋದಲ್ಲಿ ಅದು ಬರಲೇ ಇಲ್ಲ.

ವಿಟ್ಬಿಯಲ್ಲಿ ನದಿ ದಾಟಿ, ಹಳೇ ಪೇಟೆಯ ಓಣಿ ಮುಗಿದ ಕೂಡಲೇ 199 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಏನೂ ಅಲ್ಲ, ಆದರೆ ಅಲ್ಲಿ ಗಾಳಿ ಎದೆಗೆ ಕೈ ಇಟ್ಟು ಹಿಂದಕ್ಕೆ ತಳ್ಳುತ್ತದೆ. ಮೇಲೆ ಚರ್ಚು, ಅದರ ಸುತ್ತ ಗೋರಿಗಳು, ಅದರಾಚೆ ಮಠ. ಚಾವಣಿ ಇಲ್ಲ. ಎತ್ತರದ ಗೋಡೆಗಳಲ್ಲಿ ಗಾಜಿಲ್ಲದ ಕಿಟಕಿಗಳು, ಆ ಕಿಟಕಿಗಳ ತುಂಬ ಆಕಾಶ.

ಈ ಮಠ ಶುರುವಾದದ್ದು 657ರಲ್ಲಿ. ಮುಖ್ಯಸ್ಥೆ ಹಿಲ್ಡ್ ಎಂಬ ಹೆಂಗಸು. ಅವಳ ಕೈಕೆಳಗೆ ಸನ್ಯಾಸಿಗಳೂ ಇದ್ದರು, ಸನ್ಯಾಸಿನಿಯರೂ ಇದ್ದರು. 664ರಲ್ಲಿ ಇಲ್ಲೇ ಒಂದು ದೊಡ್ಡ ಪಂಚಾಯ್ತಿ ನಡೆಯಿತು. ವಿಷಯ ಏನು ಗೊತ್ತಾ? ಈಸ್ಟರ್ ಹಬ್ಬ ಯಾವ ದಿನ ಮಾಡಬೇಕು ಅಂತ! ಆ ಸೀಮೆಯ ರಾಜ ಓಸ್ವಿಯುದು ಐರ್ಲೆಂಡ್ ಕಡೆಯ ಲೆಕ್ಕ, ರಾಣಿಯದು ರೋಮ್ ಲೆಕ್ಕ. ಅರಮನೆಯಲ್ಲಿ ರಾಜ ಹಬ್ಬದೂಟ ಮಾಡುವಾಗ ರಾಣಿ ಇನ್ನೂ ಉಪವಾಸ ಇರುತ್ತಿದ್ದಳಂತೆ. ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಅಂತ ಎರಡು ಪಂಚಾಂಗ ಇಟ್ಟುಕೊಂಡು ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೊನೆಗೆ ಗೆದ್ದದ್ದು ರೋಮ್, ಅಂದರೆ ರಾಣಿ.

ಆ ಮೊದಲ ಮಠ ಡೇನರ, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರ, ದಾಳಿಯ ಕಾಲದಲ್ಲಿ ಹಾಳಾಯಿತು. ಈಗ ಕಾಣುವುದು ಆಮೇಲೆ ಕಟ್ಟಿದ್ದು, ಹೆಚ್ಚಿನದು 13ನೇ ಶತಮಾನದ್ದು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ ಇದಕ್ಕೂ ಬೀಗ ಬಿತ್ತು. 1830ರಲ್ಲಿ ನಡುಗೋಪುರ ತಾನಾಗಿ ಕುಸಿಯಿತು. ಸಾಲದ್ದಕ್ಕೆ 1914ರ ಡಿಸೆಂಬರ್‌ನಲ್ಲಿ ಜರ್ಮನ್ ಯುದ್ಧನೌಕೆಗಳ ಶೆಲ್‌ಗಳೂ ಬಡಿದವು. ಇಷ್ಟಾದ ಮೇಲೂ ಇಷ್ಟು ನಿಂತಿದೆಯಲ್ಲ ಅನ್ನಿಸಿತು.

ಅಲ್ಲಿ ನನಗೆ ಜಾಸ್ತಿ ಹತ್ತಿರವಾದವನು ಕ್ಯಾಡ್‌ಮನ್. ಹಿಲ್ಡ್ ಕಾಲದ ದನಗಾಹಿ. ಊಟದ ಪಂಕ್ತಿಯಲ್ಲಿ ಕೈಯಿಂದ ಕೈಗೆ ಹಾರ್ಪ್ ಎಂಬ ತಂತಿವಾದ್ಯ ಬರುತ್ತಿತ್ತು, ಸಿಕ್ಕವರು ಹಾಡಬೇಕು. ಇವನಿಗೆ ಹಾಡು ಬಾರದು. ತನ್ನ ಸರದಿ ಹತ್ತಿರ ಬಂದಾಗ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಒಂದು ರಾತ್ರಿ ಕನಸಿನಲ್ಲಿ ಯಾರೋ ಬಂದು 'ಸೃಷ್ಟಿಯ ಬಗ್ಗೆ ಹಾಡು' ಅಂದರು, ಹಾಡಿದ. ಹೆಸರು ಗೊತ್ತಿರುವ ಇಂಗ್ಲಿಷ್ ಕವಿಗಳಲ್ಲಿ ಅವನೇ ಮೊದಲಿಗ. ಚರ್ಚಿನ ಅಂಗಳದಲ್ಲಿ ಅವನ ಹೆಸರಿನ ಕಲ್ಲಿನ ಶಿಲುಬೆ ಇದೆ.

ಊಟದ ವಿಷಯ. ನೀವು ಸಸ್ಯಾಹಾರಿಯಾದರೆ ಒಂದು ಎಚ್ಚರಿಕೆ. ವಿಟ್ಬಿ ಅಂದ್ರೆ ಮೀನು ಮತ್ತು ಚಿಪ್ಸ್. ಬರೀ ಚಿಪ್ಸ್ ತಿಂದರಾಯ್ತು ಅಂದುಕೊಳ್ಳಬೇಡಿ. ಯಾರ್ಕ್‌ಷೈರ್‌ನ ಬಹಳಷ್ಟು ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದೂ ದನದ ಕೊಬ್ಬಿನಲ್ಲೇ. ಕೇಳಿ ತಿನ್ನಿ.

ನಾನು ಕೇಳಿದೆ, ಆಮೇಲೆ ಹಾಸ್ಟೆಲ್‌ಗೆ ಬಂದು ಅನ್ನ ಮಾಡಿದೆ. ಹಾಸ್ಟೆಲ್ ಇರೋದು ಮಠದ ಪಕ್ಕದ ಹಳೇ ಕಲ್ಲಿನ ಮನೆಯಲ್ಲಿ. ಒಂದು ರೂಮಿಗೆ ಆರು ಜನ, ಮೇಲೊಂದು ಕೆಳಗೊಂದು ಮಂಚ. ಹಾಸಿಗೆಗೆ ಬೆಡ್‌ಶೀಟ್ ನೀವೇ ಹಾಕಿಕೊಳ್ಳಬೇಕು. ಫ್ರಿಜ್‌ನಲ್ಲಿಟ್ಟ ಡಬ್ಬಿಗೆ ಹೆಸರು, ತಾರೀಕು ಬರೆದು ಅಂಟಿಸಬೇಕು. ಪಾತ್ರೆ ತೊಳೆದಿಡಬೇಕು. ಅಷ್ಟೇ ನಿಯಮ. ಪುಳಿಯೋಗರೆ ಗೊಜ್ಜಿನ ವಾಸನೆಗೆ ಅಡುಗೆಮನೆಯಲ್ಲಿದ್ದ ನಾಲ್ಕೂ ಜನ ತಿರುಗಿ ನೋಡಿದರು. ಒಬ್ಬ ಸ್ಪೇನ್ ಹುಡುಗ ರುಚಿ ನೋಡಿ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದ.

ರಾತ್ರಿ ಹಾಲ್‌ನಲ್ಲಿ ಗಿಟಾರ್ ಬಂತು. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಊರಿನ ಹಾಡು ಹೇಳುತ್ತಿದ್ದರು. ನನ್ನ ಸರದಿಗೆ ಇನ್ನಿಬ್ಬರು ಇದ್ದಾರೆ ಅನ್ನುವಾಗ 'ಪಾತ್ರೆ ತೊಳೆಯಬೇಕು' ಅಂತ ಎದ್ದುಬಿಟ್ಟೆ. ಪಾತ್ರೆ ತೊಳೆದಾಗಿತ್ತು. ಹೊರಗೆ ಬಂದು ಗಾಳಿಯಲ್ಲಿ ನಿಂತೆ. ಗೇಟು ಮುಚ್ಚಿದ್ದರು, ಬಸ್ಸುಗಳಲ್ಲಿ ಬಂದ ಜನರೆಲ್ಲ ಇಳಿದು ಹೋಗಿದ್ದರು. ಮಠದ ಕಪ್ಪು ಗೋಡೆ, ಕೆಳಗೆಲ್ಲೋ ಸಮುದ್ರದ ಸದ್ದು. ನೀವು ಕೇಳಿದ ಬೇಜಾರು ಆಗಿದ್ದು ಆಗ, ಸುಮಾರು ಹತ್ತು ನಿಮಿಷ. ಮನೆ ನೆನಪಾಯಿತು. ಆದರೆ ಹೋಟೆಲ್ ರೂಮಿನಲ್ಲಿ ಟಿವಿ ನೋಡ್ತಾ ಕೂತಿದ್ದರೆ ಆ ಹತ್ತು ನಿಮಿಷ ಸಿಗುತ್ತಿರಲಿಲ್ಲ, ಅಲ್ವಾ? ಕನಸು ಮಾತ್ರ ಬೀಳಲಿಲ್ಲ. ಕೆಳಗಿನ ಮಂಚದವರ ಗೊರಕೆಗೆ ನಿದ್ದೆಯೇ ಬರಲಿಲ್ಲ. ಇಯರ್‌ಪ್ಲಗ್ ಮರೆಯಬೇಡಿ.

ಬೆಳಿಗ್ಗೆ ರೈಲಿಗೆ ಇನ್ನೂ ಹೊತ್ತಿತ್ತು. ಪೇಟೆಯ ಅಂಗಡಿಯೊಂದರ ಗಾಜಿನಲ್ಲಿ ನೋಡಿದರೆ ಸಾಲಾಗಿ ಸಾಲಿಗ್ರಾಮ! ಅವು ಅಮೊನೈಟ್‌ಗಳು. ಸುಮಾರು 18 ಕೋಟಿ ವರ್ಷದ ಹಿಂದಿನ ಸಮುದ್ರಜೀವಿಯ ಚಿಪ್ಪು ಕಲ್ಲಾಗಿದ್ದು. ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಇದೇ ಬಳಗದ ಪ್ರಾಣಿಯ ಗುರುತು. ವಿಟ್ಬಿಯವರ ಕಥೆ ಬೇರೆ. ಮಠಕ್ಕೆ ಜಾಗ ಮಾಡಲು ಹಿಲ್ಡ್ ಹಾವುಗಳನ್ನೆಲ್ಲ ಕಲ್ಲಾಗಿಸಿದಳಂತೆ, ಆ ಸುರುಳಿ ಹಾವುಗಳೇ ಇವು. ತಲೆ ಎಲ್ಲಿ ಅಂತ ಕೇಳುವವರಿಗಾಗಿ ಹಿಂದೆ ಹಾವಿನ ತಲೆ ಕೆತ್ತಿಯೂ ಮಾರುತ್ತಿದ್ದರು. ಊರಿನ ಲಾಂಛನದಲ್ಲೂ ಮೂರು ಇವೆ.

ಚಿಕ್ಕದೊಂದು ಕೊಂಡೆ. ಫೋನಿನಲ್ಲಿ ತೋರಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಮಡಿಯಲ್ಲಿ ಮುಟ್ಟಿದ್ಯಾ?" ಈಗ ಅದು ಮೈಸೂರಿನ ಮನೆಯಲ್ಲಿದೆ. ದೇವರಮನೆಯಲ್ಲೂ ಇಟ್ಟಿಲ್ಲ, ಶೋಕೇಸಿನಲ್ಲೂ ಇಟ್ಟಿಲ್ಲ. ಎರಡರ ನಡುವಿನ ಕಿಟಕಿಯಲ್ಲಿ ಕೂತಿದೆ.