ಸಂಪಾದಕರ ಉತ್ತರ: ಆ ಬೀದಿಯಲ್ಲಿ ಕಪ್ಪು ಮಕ್ಕಳು ಇರಲಿಲ್ವಾ?

(ಅಮೆರಿಕದ ಅಲಬಾಮ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಊರಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನವೊಂದು ಬಂದಿತ್ತು. ಅಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದು ಮುಂದೆ ಹೆಸರಾಂತ ಲೇಖಕರಾದ ಬಿಳಿಯ ಮಕ್ಕಳು ಹಾರ್ಪರ್ ಲೀ ಮತ್ತು ಟ್ರೂಮನ್ ಕಪೋಟಿ ನೆರೆಹೊರೆಯಿಂದ ಏನು ಕಲಿತರು ಎಂಬುದು ಅದರ ವಿಷಯ. ಶಿರಸಿಯ ಓದುಗರೊಬ್ಬರು ಅದನ್ನು ತಮ್ಮ ಹತ್ತು ವರ್ಷದ ಮಗಳಿಗೆ ಓದಿ ಹೇಳಿದ್ದಾರೆ. ಎಲ್ಲ ಕೇಳಿ ಮುಗಿಸಿದ ಮಗಳು, "ಅಮ್ಮಾ, ಆ ಬೀದಿಯಲ್ಲಿ ಕಪ್ಪು ಮಕ್ಕಳು ಇರಲಿಲ್ವಾ?" ಅಂದಳಂತೆ. ಅವಳಿಗೆ ಏನು ಹೇಳಲಿ ಅಂತ ಕೇಳಿ ನಮಗೆ ಬರೆದಿದ್ದಾರೆ.)

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಮಗಳ ಪ್ರಶ್ನೆ ಬಂದಾಗ ಯಾರೂ ಮಾತಾಡಲಿಲ್ಲ. ಆ ಲೇಖನವನ್ನು ಎರಡು ಸಲ ತಿದ್ದಿದವನು ನಾನೇ. ಕಾಗುಣಿತ ಎಲ್ಲಿ ತಪ್ಪಿದೆ ಅಂತ ಹುಡುಕಿದ್ದೆ. ಇದು ಮಾತ್ರ ಹೊಳೆಯಲೇ ಇಲ್ಲ.

ಮೊದಲು ಲೇಖನದ ಪರವಾಗಿ ಒಂದೆರಡು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ಇಬ್ಬರು ಮಕ್ಕಳು ಕಲಿತದ್ದು ಸುಳ್ಳಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಗಿಡ್ಡ ಕಲ್ಲುಗೋಡೆ. ಅಪ್ಪ ಅಮ್ಮ ನೆಂಟರ ಮನೆಯಲ್ಲಿ ಬಿಟ್ಟುಹೋದ ಹುಡುಗ ಟ್ರೂಮನ್. ಸಣ್ಣ ಆಳು, ಕೀಚಲು ದನಿ, ಊರಿನ ಹುಡುಗರಿಗೆ ಕಾಡಿಸಲು ಸುಲಭವಾಗಿ ಸಿಗುತ್ತಿದ್ದ. ಅವನಿಗಿಂತ ಸುಮಾರು ಒಂದೂವರೆ ವರ್ಷ ಚಿಕ್ಕವಳಾದ ಲೀ ಅವನ ಪರವಾಗಿ ಹೊಡೆದಾಟಕ್ಕೆ ಇಳಿಯುತ್ತಿದ್ದಳು. ಅದೇ ಬೀದಿಯಲ್ಲಿ ಇನ್ನೊಂದು ಮನೆ ಇತ್ತು. ಆ ಮನೆಯ ಹುಡುಗ ಏನೋ ಕಳ್ಳತನದಲ್ಲಿ ಸಿಕ್ಕಿಬಿದ್ದಾಗ, ಸುಧಾರಣಾ ಶಾಲೆ ಬೇಡ, ನಾನೇ ನೋಡಿಕೊಳ್ಳುತ್ತೇನೆ ಅಂತ ಅಪ್ಪ ಮನೆಗೆ ಕರೆತಂದ. ಆಮೇಲೆ ವರ್ಷಗಟ್ಟಲೆ ಹೊರಗೇ ಬಿಡಲಿಲ್ಲ. ಮಕ್ಕಳೆಲ್ಲ ಆ ಮನೆ ಮುಂದೆ ಓಡಿಕೊಂಡೇ ದಾಟುತ್ತಿದ್ದರು. 1960ರಲ್ಲಿ ಬಂದ ಲೀಯ ಕಾದಂಬರಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿದವರಿಗೆ ಈ ಮನೆಯ ನೆರಳು ಗೊತ್ತಾಗುತ್ತದೆ. ಹೆದರಿಸುವ ಮನೆಯೊಳಗೂ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ಒಂದು ಮಗುವಿಗೆ ಅನ್ನಿಸಿದ್ದು ಸಣ್ಣ ವಿಷಯವಲ್ಲ, ಅಲ್ವಾ?

ಆದರೆ ನಿಮ್ಮ ಮಗಳು ಬೆರಳಿಟ್ಟ ಜಾಗ ಸರಿಯಾಗಿದೆ. ಈ ಪಾಠವೆಲ್ಲ ಒಂದು ಬೀದಿಯೊಳಗೇ ನಡೆದದ್ದು. ಕಪ್ಪು ಜನಾಂಗದ ಹೆಂಗಸರು ಬೆಳಿಗ್ಗೆ ಇಂಥ ಮನೆಗಳಿಗೆ ಬಂದು ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ಸಂಜೆ ತಮ್ಮ ಕೇರಿಗೆ ವಾಪಸ್ ಹೋಗುತ್ತಿದ್ದರು. ಶಾಲೆ ಬೇರೆ, ಚರ್ಚ್ ಬೇರೆ. ಅವರಿಗೂ ಮಕ್ಕಳಿದ್ದರು. ಕಲ್ಲುಗೋಡೆಯ ಹತ್ತಿರ ಆಡಲು ಅವರು ಬರುತ್ತಿರಲಿಲ್ಲ, ಅಷ್ಟೇ.

'ಕೇರಿ' ಅಂತ ಬರೆದ ಮೇಲೆ ಪೆನ್ನು ಸ್ವಲ್ಪ ನಿಂತಿತು. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಸೌದೆ ಒಡೆಯಲು ಒಬ್ಬರು ಬರುತ್ತಿದ್ದರು. ಅವರ ಲೋಟ ಹಿತ್ತಿಲ ಗೋಡೆಯ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ಅಜ್ಜಿ ಕಾಫಿಯನ್ನು ಮೇಲಿನಿಂದ ಹುಯ್ಯುತ್ತಿದ್ದಳು. ಅವರಿಗೆ ಎಷ್ಟು ಮಕ್ಕಳು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮನ್ರೋವಿಲ್‌ಗೆ ಬರುತ್ತೇನೆ. ಲೀಯ ತಂದೆ ವಕೀಲರು. 1919ರಲ್ಲಿ ಕೊಲೆ ಆರೋಪ ಹೊತ್ತ ಕಪ್ಪು ಜನಾಂಗದ ಒಬ್ಬ ತಂದೆ ಮತ್ತು ಅವನ ಮಗನ ಪರವಾಗಿ ಅವರು ವಾದಿಸಿದ್ದರು. ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಅಲ್ಲಿಂದ ಮುಂದೆ ಅವರು ಕ್ರಿಮಿನಲ್ ಕೇಸ್ ಹಿಡಿಯಲೇ ಇಲ್ಲ. ಇದನ್ನು ನಮ್ಮ ಲೇಖನ ಒಂದೇ ಸಾಲಿನಲ್ಲಿ ಮುಗಿಸಿತ್ತು. ನಾವು ಬರೆಯದೇ ಬಿಟ್ಟದ್ದು ಇನ್ನೊಂದಿದೆ, ಅದು ಇದಕ್ಕಿಂತ ಹತ್ತಿರದ ಕಾಲದ್ದು.

1986ರ ನವೆಂಬರ್‌ನಲ್ಲಿ ಅದೇ ಊರಿನ ಅಂಗಡಿಯೊಂದರಲ್ಲಿ ಬಿಳಿಯ ಯುವತಿಯ ಕೊಲೆಯಾಯಿತು. ತಿಂಗಳುಗಟ್ಟಲೆ ಯಾರೂ ಸಿಗಲಿಲ್ಲ. ಕೊನೆಗೆ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಜನಾಂಗದವನನ್ನು ಹಿಡಿದರು. ಮರ ಕಡಿದು ಸಾಗಿಸುವುದು ಅವನ ಕಸುಬು. ಕೊಲೆಯಾದ ಹೊತ್ತಿಗೆ ಅವನು ತನ್ನ ಮನೆಯಲ್ಲೇ ಇದ್ದ. ಅವತ್ತು ಅಲ್ಲಿ ಚರ್ಚಿಗೆ ದುಡ್ಡು ಕೂಡಿಸಲು ಮೀನು ಕರಿದು ಮಾರುತ್ತಿದ್ದರು. ಬಂಧು ಬಳಗ, ಚರ್ಚಿನವರು, ಅಕ್ಕಪಕ್ಕದವರು ಅಂತ ಹತ್ತಾರು ಜನ ಅವನನ್ನು ಕಣ್ಣಾರೆ ನೋಡಿದ್ದರು. ಅವರಲ್ಲಿ ಕೆಲವರು ಕೋರ್ಟಿಗೆ ಬಂದು ಹಾಗಂತ ಹೇಳಿದರು ಕೂಡ. ಅವರ ಮಾತಿಗೆ ಬೆಲೆ ಬರಲಿಲ್ಲ, ಯಾಕೆಂದರೆ ಅವರೂ ಕಪ್ಪು ಜನ. ವಿಚಾರಣೆ ಒಂದೂವರೆ ದಿನದಲ್ಲಿ ಮುಗಿಯಿತು. ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿ ಕೂರಿಸಿದ ಸಾಮಾನ್ಯ ಜನ, ಜೀವಾವಧಿ ಶಿಕ್ಷೆ ಸಾಕು ಅಂದರೂ ನ್ಯಾಯಾಧೀಶರು ಮರಣದಂಡನೆ ಕೊಟ್ಟರು. ಬ್ರಯನ್ ಸ್ಟೀವನ್‌ಸನ್ ಎಂಬ ವಕೀಲರು ಹೋರಾಡಿ 1993ರಲ್ಲಿ ಅವನನ್ನು ಬಿಡಿಸುವ ಹೊತ್ತಿಗೆ, ಗಲ್ಲಿಗೆ ಕಾಯುವವರ ಸಾಲಿನಲ್ಲಿ ಅವನ ಸುಮಾರು ಆರು ವರ್ಷ ಕಳೆದುಹೋಗಿತ್ತು.

ನನ್ನನ್ನು ಕಾಡುವುದು ಆ ಮೀನಿನ ಬಾಣಲೆ. ನೆರೆಹೊರೆ ಅಂದರೆ ಅದಕ್ಕಿಂತ ಹೆಚ್ಚು ಇನ್ನೇನು ಬೇಕು? ಒಂದು ಅಂಗಳದಲ್ಲಿ ಇಡೀ ಊರಿನ ಅರ್ಧ ಭಾಗದವರು ಬಂದು ಹೋಗಿದ್ದಾರೆ, ಇನ್ನರ್ಧಕ್ಕೆ ಅದು ಸಾಕ್ಷಿಯೇ ಅಲ್ಲ.

ವಿಚಿತ್ರ ನೋಡಿ. ಮನ್ರೋವಿಲ್‌ನ ಹಳೆಯ ಕೋರ್ಟ್ ಕಟ್ಟಡ ಈಗ ಮ್ಯೂಸಿಯಂ. ಮಾಡದ ತಪ್ಪಿಗೆ ಕಟಕಟೆ ಹತ್ತಿದ ಕಪ್ಪು ಮನುಷ್ಯನ ಕಥೆಯಿರುವ ಲೀಯ ಕಾದಂಬರಿಯನ್ನು ಊರಿನವರೇ ವಸಂತ ಕಾಲದಲ್ಲಿ ಅಲ್ಲಿ ನಾಟಕವಾಗಿ ಆಡುತ್ತಾ ಬಂದಿದ್ದಾರೆ. ನೋಡಲು ಬಂದವರಲ್ಲೇ ಹನ್ನೆರಡು ಬಿಳಿ ಗಂಡಸರನ್ನು ಕರೆದು ಜ್ಯೂರಿಯ ಜಾಗದಲ್ಲಿ ಕೂರಿಸುತ್ತಾರೆ. ತೀರ್ಪು ಪ್ರತಿ ಸಲವೂ ಅದೇ, ಅಪರಾಧಿ ಅಂತ. ಆ ಹನ್ನೆರಡು ಜನ ಊಟಕ್ಕೆ ಹೋಗುವಾಗ ಏನು ಮಾತಾಡಿಕೊಳ್ಳುತ್ತಾರೋ ಕೇಳಬೇಕು ಅಂತ ನನಗೆ ಆಸೆ. ಲೀಯ ಮನೆ ಇದ್ದ ಜಾಗದಲ್ಲಿ ಈಗ ಐಸ್‌ಕ್ರೀಂ, ಬರ್ಗರ್ ಅಂಗಡಿ ಇದೆ. ಪಕ್ಕದ ಕಲ್ಲುಗೋಡೆ ಸ್ವಲ್ಪ ಉಳಿದಿದೆ.

ಹಾಗಂತ ಲೀ, ಕಪೋಟಿ ಕಥೆಯನ್ನು ಮಕ್ಕಳಿಗೆ ಹೇಳಬೇಡಿ ಅನ್ನುವವನಲ್ಲ ನಾನು. ನಿಮ್ಮ ಪತ್ರದ ಕೊನೆಯಲ್ಲಿ "ಇಂಥ ಕಥೆಗಳೇ ಮೋಸ" ಅಂದಿದ್ದೀರಿ. ಅಷ್ಟು ದೂರ ನಾನು ಬರಲಾರೆ. ಅದೊಂದನ್ನೇ ಹೇಳಿ ಸುಮ್ನಾದದ್ದು ನಮ್ಮ ತಪ್ಪು.

ಮಗಳಿಗೆ ಹೇಳಿ, ಆ ಬೀದಿಯಲ್ಲಿ ಅಲ್ಲದಿದ್ದರೂ ಕಪ್ಪು ಮಕ್ಕಳು ಇದ್ದರು ಅಂತ. ಅದೇ ಅಲಬಾಮದಲ್ಲಿ ಟ್ರಾಯ್ ಅನ್ನುವ ಊರಿನ ಹತ್ತಿರ 1940ರಲ್ಲಿ ಜಾನ್ ಲೂಯಿಸ್ ಎಂಬ ಕಪ್ಪು ಹುಡುಗ ಹುಟ್ಟಿದ. ಗೇಣಿ ಮಾಡುತ್ತಿದ್ದವರ ಮಗ. ಮನೆಯ ಕೋಳಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅವುಗಳನ್ನು ಗೂಡಿನ ಮುಂದೆ ಕೂಡಿಸಿಕೊಂಡು ಪಾದ್ರಿಯ ಹಾಗೆ ಪ್ರವಚನ ಕೊಡುತ್ತಿದ್ದ. ಯಾವುದಾದರೂ ಕೋಳಿ ಸತ್ತರೆ ಶಾಸ್ತ್ರೋಕ್ತವಾಗಿ ಮಣ್ಣು ಮಾಡುತ್ತಿದ್ದ. ಸಾರಿಗೆ ಕೊಯ್ದ ದಿನ ಅಪ್ಪ ಅಮ್ಮನ ಜೊತೆ ಮಾತು ಬಿಡುತ್ತಿದ್ದ. 1956ರಲ್ಲಿ, ಹದಿನಾರು ವಯಸ್ಸಿನಲ್ಲಿ, ಊರಿನ ಲೈಬ್ರರಿಗೆ ಹೋಗಿ ಕಾರ್ಡ್ ಕೇಳಿದ. ಇದು ಬಿಳಿಯರಿಗೆ ಮಾತ್ರ ಅಂದರು. ಮುಂದೆ ಅವನು ಮಾರ್ಟಿನ್ ಲೂಥರ್ ಕಿಂಗ್ ಜೊತೆ ಹೋರಾಟಕ್ಕೆ ಇಳಿದದ್ದು, ಸಂಸದನಾದದ್ದು ಎಲ್ಲ ಆಮೇಲೆ ಓದಿಕೊಳ್ಳುತ್ತಾಳೆ ಬಿಡಿ. 1998ರಲ್ಲಿ ಅದೇ ಲೈಬ್ರರಿಯವರು ಅವರನ್ನು ಕರೆಸಿ ಕಾರ್ಡ್ ಕೊಟ್ಟರು. ಆಗ ಅವರಿಗೆ ಐವತ್ತೆಂಟು.

ಕೋಳಿಗಳ ಕಥೆಯಿಂದ ಶುರು ಮಾಡಿ, ಅವಳಿಗೆ ಇಷ್ಟವಾಗುತ್ತದೆ. ಕೇಳಿದ ಮೇಲೆ ಏನಂದಳು ಅಂತ ಬರೆದು ಕಳಿಸಿ.

ನಿಮ್ಮ,
ಸಂಪಾದಕ