ಎತ್ತಿಗೂ ಸೋಮವಾರ ಬಿಡುವಿದೆ

"ದಿನಾ ಅರ್ಧ ಗಂಟೆ ಧ್ಯಾನ ಮಾಡಿದರೆ ಒತ್ತಡ ಕಡಿಮೆಯಾಗುತ್ತೆ ಅಂತ ಹೋದ ತಿಂಗಳು ಬರೆದಿದ್ದಿರಿ. ಆ ಅರ್ಧ ಗಂಟೆ ಎಲ್ಲಿಂದ ತರಲಿ? ಬೆಳಗ್ಗೆ ಐದಕ್ಕೆ ಏಳುತ್ತೇನೆ. ತಿಂಡಿ, ಮೂರು ಡಬ್ಬಿ, ಅತ್ತೆಯ ಮಾತ್ರೆ, ಆಮೇಲೆ ಬ್ಯಾಂಕು. ಸಂಜೆ ಬಂದು ಕಾಫಿ ಕುಡಿದು ಮತ್ತೆ ಅಡುಗೆಮನೆ. ಹನ್ನೊಂದೂವರೆಗೆ ಮಲಗಿ ಹನ್ನೆರಡೂವರೆವರೆಗೆ ಮೊಬೈಲ್ ನೋಡುತ್ತೇನೆ. ಅದೊಂದೇ ನನ್ನ ಹೊತ್ತು. ಈಚೆಗೆ ಕುಕ್ಕರ್ ಸೀಟಿ ಹೊಡೆದರೂ ಎದೆ ಡವಡವ ಅನ್ನುತ್ತೆ. ಸುಮ್ನೆ ಕೂತರೆ ತಪ್ಪು ಮಾಡಿದ ಹಾಗೆ ಅನಿಸುತ್ತೆ."
– ಒಬ್ಬ ಓದುಗಿ, ದಾವಣಗೆರೆ

ಪ್ರೀತಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ್ದು ಸರಿಯಾಗಿದೆ. ಧ್ಯಾನ ಮಾಡಿ ಅಂತ ಬರೆದೆವು. ಆ ಹೊತ್ತಿನಲ್ಲಿ ಒಲೆ ಮುಂದೆ ಯಾರು ನಿಲ್ಲಬೇಕು ಅಂತ ಬರೆಯಲಿಲ್ಲ. ಆ ಲೇಖನದಲ್ಲಿ ಬಿಟ್ಟುಹೋಗಿದ್ದೇ ಅದು.

ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಕೈ ಹಾಕದವರು ಇದರಲ್ಲಿ ಸೇರಿಲ್ಲ. ಹಾಗಾಗಿ ನಿಮ್ಮ ಆಯಾಸವನ್ನು ನಿಮ್ಮ ಮನಸ್ಸಿನ ದೌರ್ಬಲ್ಯ ಅಂದುಕೊಳ್ಳಬೇಡಿ. ಕೆಲಸ ಹಂಚಿಕೆಯಾಗಿಲ್ಲ, ಅಷ್ಟೇ.

ನನ್ನ ಅಮ್ಮ ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ಬೋರಲು ಹಾಕಿ, ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದರು. ತಲೆ ಕೆಳಗೆ ತೋಳು, ಮುಖದ ಮೇಲೆ ಸೆರಗು. ಅರ್ಧ ಗಂಟೆ. ಅಷ್ಟು ಹೊತ್ತು ಅಪ್ಪ ಬಾಗಿಲ ಹತ್ತಿರ ಪೇಪರ್ ಹಿಡಿದು ಕೂರುತ್ತಿದ್ದರು. ನಾವು "ಅಮ್ಮಾ" ಅಂತ ಓಡಿಬಂದರೆ ಬಾಯಿ ಮೇಲೆ ಬೆರಳಿಟ್ಟು ಆಚೆ ಕಳಿಸುತ್ತಿದ್ದರು. ಅಪ್ಪ ಪೇಪರ್ ಓದ್ತಾರೆ ಅಂತಲೇ ಆಗ ಅಂದುಕೊಂಡಿದ್ದೆ. ಅವರು ಅಮ್ಮನ ನಿದ್ದೆ ಕಾಯುತ್ತಿದ್ದರು ಅಂತ ತಿಳಿದದ್ದು ನನಗೆ ಮದುವೆಯಾದ ಮೇಲೆ. ನಿಮ್ಮ ಮನೆಯಲ್ಲಿ ಹಾಗೆ ಬಾಗಿಲು ಕಾಯುವವರು ಯಾರಿದ್ದಾರೆ?

ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆ ಎಷ್ಟೇ ಅವಸರದಲ್ಲಿರಲಿ, ಎತ್ತು ಕೊಟ್ಟಿಗೆಯಲ್ಲೇ ಇರುತ್ತೆ. ಅದು ರಜೆ ಕೇಳಲಿಲ್ಲ, ಊರೇ ಸೇರಿ ಕೊಟ್ಟಿತು. ನಿಮಗೂ ಅಂಥದೊಂದು ವಾರ ಮನೆಯವರೇ ಕೊಡಬೇಕು. ಅವರಿಗೆ ಹೊಳೆಯದಿದ್ದರೆ ನೀವೇ ಬಾಯಿಬಿಟ್ಟು ಹೇಳಿ.

ಸೋಮವಾರದ ತಿಂಡಿಯಿಂದಲೇ ಶುರುಮಾಡಿ. ಅದನ್ನು ನಿಮ್ಮ ಯಜಮಾನರು ಮಾಡಲಿ. ದಾವಣಗೆರೆಯವರಿಗೆ ಮಂಡಕ್ಕಿ ಒಗ್ಗರಣೆ ಕಷ್ಟವೇನಲ್ಲ, ಅಲ್ವಾ? ಆದರೆ ಪೂರ್ತಿ ಅವರದೇ ಆಗಬೇಕು. ಭಾನುವಾರ ಮಂಡಕ್ಕಿ ತರುವುದು, ಹುರಿಗಡಲೆ ಪುಡಿ ಇದೆಯಾ ಅಂತ ನೋಡುವುದು, ಡಬ್ಬಿ ಕಟ್ಟುವುದು, ಬಾಣಲೆ ತೊಳೆಯುವುದು, ಎಲ್ಲಾ. "ಏನು ಮಾಡಲಿ ಹೇಳು" ಅಂತ ಅವರು ಪ್ರತಿಸಲ ಬಂದು ಕೇಳಿದರೆ ಅರ್ಧ ಕೆಲಸ ನಿಮ್ಮ ತಲೆಯಲ್ಲೇ ಉಳಿಯಿತು. ಮೊದಲ ವಾರ ಮಂಡಕ್ಕಿ ಜಾಸ್ತಿ ನೆನೆದು ಮುದ್ದೆಯಾಗಬಹುದು. ಆಗಲಿ. ನೀವು ಎದ್ದುಹೋಗಿ ಸರಿಮಾಡಬೇಡಿ. ಅತ್ತೆ ಏನಾದರೂ ಅಂದರೆ ಉತ್ತರ ಕೊಡುವುದೂ ಅವರ ಮಗನ ಪಾಲಿಗೇ ಇರಲಿ.

ಇನ್ನೊಂದು, ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುತ್ತಲ್ಲ. ಆ ದಿನ ಬೇಳೆ ಡಬ್ಬಿ ತೊಳೆಯುವುದು, ಗಿರಣಿಗೆ ಹೋಗುವುದು ಅಂತ ಕಳೆಯಬೇಡಿ. ಎರಡರಲ್ಲಿ ಒಂದು ಶನಿವಾರವಾದರೂ ಮಧ್ಯಾಹ್ನ ಎರಡು ಗಂಟೆ ಕೋಣೆ ಬಾಗಿಲು ಹಾಕಿಕೊಂಡು ಮಲಗಿ. ನಿದ್ದೆ ಬರದಿದ್ದರೆ ಫ್ಯಾನ್ ನೋಡುತ್ತಾ ಬಿದ್ದುಕೊಂಡಿರಿ. ತಪ್ಪು ಮಾಡಿದ ಹಾಗೆ ಅನಿಸುತ್ತೆ ಅಂದಿರಲ್ಲ, ಮೊದಮೊದಲು ಅನಿಸುತ್ತೆ. ಅನಿಸಿದರೂ ಏಳಬೇಡಿ.

ಮೊಬೈಲ್ ಬಿಡಿ ಅಂತ ನಾನು ಹೇಳಲಾರೆ. "ಅದೊಂದೇ ನನ್ನ ಹೊತ್ತು" ಅಂತ ಬರೆದಿದ್ದೀರಿ, ಓದಿ ಸಂಕಟವಾಯಿತು. ಆದರೆ ಹನ್ನೆರಡೂವರೆಯಿಂದ ಐದಕ್ಕೆ ನಾಲ್ಕೂವರೆ ಗಂಟೆ. ದೊಡ್ಡವರಿಗೆ ಕಡಿಮೆ ಅಂದರೂ ಏಳು ಗಂಟೆ ನಿದ್ದೆ ಬೇಕು. ನಿಮ್ಮ ಹೊತ್ತು ನಿಮಗಿರಲಿ, ಅದನ್ನು ಒಂಬತ್ತಕ್ಕೆ ತನ್ನಿ. ಅದಕ್ಕಾಗಿ ರಾತ್ರಿಯ ಪಾತ್ರೆ ಮತ್ತು ಮಕ್ಕಳ ಬ್ಯಾಗು ಬೇರೆಯವರ ಕೈಗೆ ಹೋಗಬೇಕು. ಸಂಜೆಯ ಕಾಫಿಯನ್ನೂ ಬಿಟ್ಟು ನೋಡಿ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಅಂದರೆ ಏಳಕ್ಕೆ ಕುಡಿದ ಕಾಫಿ ನೀವು ಮಲಗುವಾಗಲೂ ಒಳಗೆ ಎಚ್ಚರವಾಗಿಯೇ ಇರುತ್ತೆ.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ" ಅಂತಾರೆ. ಇಡೀ ಸಂತೆಯ ಲೆಕ್ಕ ತಲೆಯಲ್ಲಿ ಹೊತ್ತವರಿಗೆ ಆ ಗಾದೆ ಹೇಳಿ ಏನು ಪ್ರಯೋಜನ?

ಎದೆ ಡವಡವ ಅನ್ನುವುದನ್ನು ಮಾತ್ರ ಟೆನ್ಶನ್ ಅಂದುಕೊಂಡು ಸುಮ್ಮನಿರಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಬಿಪಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದರೂ ಹೀಗೇ ಸುಸ್ತು, ಹೀಗೇ ಎದೆಬಡಿತ. ಎದೆನೋವು, ಉಸಿರುಕಟ್ಟುವುದು ಕಂಡರೆ ಅಪಾಯಿಂಟ್‌ಮೆಂಟ್ ಅಂತ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಮನಸ್ಸು ತೀರಾ ಕುಗ್ಗಿತು, ಯಾರ ಹತ್ತಿರವೂ ಹೇಳಲಾಗುತ್ತಿಲ್ಲ ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೌಂಟರಿನಲ್ಲಿ ಕೂತಾಗ ಎದೆ ಹೊಡೆದುಕೊಂಡರೆ ಮೂಗಿನಿಂದ ಉಸಿರು ತೆಗೆದುಕೊಂಡು, ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ಇಳಿಯುತ್ತೆ. ಒಂದು ಟೋಕನ್‌ಗೂ ಇನ್ನೊಂದು ಟೋಕನ್‌ಗೂ ನಡುವೆ ಆಗುವ ಕೆಲಸ ಇದು.

ಈ ಪುಟವನ್ನು ಫ್ರಿಜ್ ಮೇಲೆ ಅಂಟಿಸಿ, ಮನೆಯವರೆಲ್ಲಾ ಓದಲಿ. ಡಾಕ್ಟರು ಏನಂದರು, ಸೋಮವಾರದ ಮಂಡಕ್ಕಿ ಹೇಗಿತ್ತು, ಆ ದಿನ ನೀವು ಎಷ್ಟು ಗಂಟೆಗೆ ಎದ್ದಿರಿ ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕಿ