ಅವಧಿ ಮುಗಿದ ಅಗ್ನಿಶಾಮಕ ನೊರೆಯ ಡ್ರಮ್‌ಗಳನ್ನು ಕಾರ್ಖಾನೆಯವರು ಏನು ಮಾಡಬೇಕು?

ನಿಮ್ಮ ಬಣ್ಣದ ಕಾರ್ಖಾನೆಯ ಉಗ್ರಾಣದಲ್ಲಿ ಅವಧಿ ಮುಗಿದ ಎಎಫ್‌ಎಫ್‌ಎಫ್ (ಎಣ್ಣೆ, ಥಿನ್ನರ್‌ಗಳ ಬೆಂಕಿ ನಂದಿಸುವ) ನೊರೆ ದ್ರಾವಣದ ಕೆಲವು ಡ್ರಮ್‌ಗಳು ಉಳಿದಿವೆ. ಗುಜರಿಯವರು ಡ್ರಮ್ ಸಮೇತ ಒಯ್ಯಲು ಸಿದ್ಧರಿದ್ದಾರೆ. ಅವರಿಗೆ ಕೊಡಬಹುದೇ, ಇಲ್ಲವೇ ನೀರು ಬೆರೆಸಿ ದಿನಕ್ಕಿಷ್ಟರಂತೆ ಇಟಿಪಿಗೆ (ಕಾರ್ಖಾನೆಯ ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ) ಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ದ್ರಾವಕಗಳನ್ನು ದಾಸ್ತಾನು ಮಾಡುವ ಘಟಕವೊಂದರಲ್ಲಿ ಪರಿಸರ ಮತ್ತು ಸುರಕ್ಷತೆಯ ಕೆಲಸ ನೋಡಿಕೊಳ್ಳುವವನಾಗಿ ಹೇಳುವುದಾದರೆ, ಈ ವಸ್ತುವಿನ ವಿಷಯದಲ್ಲಿ ತಪ್ಪು ಜಾಗಕ್ಕೆ ಬೇಗ ಕಳುಹಿಸುವುದಕ್ಕಿಂತ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಸರಿಯಾದ ಕೈಗೆ ಸೇರುವವರೆಗೆ ಕಾಯ್ದಿಡುವುದೇ ಲೇಸು.

ಎಣ್ಣೆ, ಥಿನ್ನರ್‌ಗಳ ಬೆಂಕಿಯ ಮೇಲೆ ತೆಳುವಾದ ನೀರಿನ ಪೊರೆ ಹರಡುವ ಶಕ್ತಿಯನ್ನು ಈ ನೊರೆಗೆ ಕೊಡುವುದು ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳು. ಅವುಗಳಲ್ಲಿರುವ ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧವನ್ನು ಇಟಿಪಿಯ ಸೂಕ್ಷ್ಮಜೀವಿಗಳು ಮುರಿಯಲಾರವು. ನೀವು ಎಷ್ಟೇ ನೀರು ಬೆರೆಸಿ ಬಿಟ್ಟರೂ ಏರೇಷನ್ ಟ್ಯಾಂಕ್ ಉಕ್ಕಿ ನೊರೆ ಹೊರಗೆ ಸುರಿಯಬಹುದು, ಒಂದು ಭಾಗ ಕೆಸರಿಗೆ ಸೇರುತ್ತದೆ, ಮಿಕ್ಕದ್ದು ಹಾಗೆಯೇ ಚರಂಡಿಗೆ ಹೋಗುತ್ತದೆ. ಅಮೆರಿಕದ ಪರಿಸರ ಸಂಸ್ಥೆಯು 2024ರಲ್ಲಿ ಕುಡಿಯುವ ನೀರಿಗೆ ನಿಗದಿಪಡಿಸಿದ ಪಿಎಫ್‌ಒಎಸ್ (ಪಿಎಫ್‌ಎಎಸ್ ಗುಂಪಿನ ಒಂದು ರಾಸಾಯನಿಕ) ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಆ ಲೆಕ್ಕದಲ್ಲಿ ಒಂದೇ ಒಂದು ಗ್ರಾಂ ಪಿಎಫ್‌ಒಎಸ್ 25 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಗುಜರಿಯವರ ಕಥೆಯೂ ಇದೇ: ಅವರಿಗೆ ಬೇಕಿರುವುದು ಡ್ರಮ್, ಒಳಗಿರುವುದನ್ನು ಅವರು ಎಲ್ಲಿ ಸುರಿಯುತ್ತಾರೆಂದು ನಿಮಗೆ ತಿಳಿಯುವುದಿಲ್ಲ, ಆದರೆ ಡ್ರಮ್ಮಿನ ಮೇಲಿನ ಬ್ಯಾಚ್ ಸಂಖ್ಯೆ ಹಿಡಿದು ನಿಮ್ಮ ಬಾಗಿಲಿಗೆ ಬರುವುದು ಅಧಿಕಾರಿಗಳಿಗೆ ಕಷ್ಟವಲ್ಲ.

ನಮ್ಮ ಕಾರ್ಖಾನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ, ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವಧಿ ಮುಗಿದ ನೊರೆಯನ್ನು ಸುರಕ್ಷತಾ ಸಪ್ತಾಹದ ಮಾಕ್ ಡ್ರಿಲ್‌ನಲ್ಲಿ ‘ಖರ್ಚು ಮಾಡುವುದು’. ಫೋಟೋ ಚೆನ್ನಾಗಿ ಬರುತ್ತದೆ, ದಾಸ್ತಾನು ಖಾಲಿಯಾಗುತ್ತದೆ, ಎಲ್ಲರಿಗೂ ಸಮಾಧಾನ. ನೊರೆ ಮಾತ್ರ ಮಳೆನೀರಿನ ಚರಂಡಿಯಲ್ಲಿ ಇಳಿದು ಅಂತರ್ಜಲಕ್ಕೆ ಸೇರುತ್ತದೆ. ಅನೇಕ ದೇಶಗಳಲ್ಲಿ ವಿಮಾನ ನಿಲ್ದಾಣ ಮತ್ತು ಸೇನಾ ನೆಲೆಗಳ ಸುತ್ತಲಿನ ಬಾವಿಗಳು ಹಾಳಾಗಿದ್ದರಲ್ಲಿ ಇಂಥ ತರಬೇತಿಯ ಪಾಲು ದೊಡ್ಡದು. ತರಬೇತಿಗೆ ನೀರು ಸಾಕು. ನೊರೆಯೇ ಬೇಕೆಂದರೆ ಫ್ಲೋರಿನ್ ಇಲ್ಲದ ತರಬೇತಿ ನೊರೆ ಮಾರುಕಟ್ಟೆಯಲ್ಲಿ ಸಿಗುತ್ತದೆ.

ಮೊದಲು ನಿಮ್ಮಲ್ಲಿರುವುದು ಯಾವ ನೊರೆ ಎಂದು ಖಚಿತಪಡಿಸಿಕೊಳ್ಳಿ. ಎಎಫ್‌ಎಫ್‌ಎಫ್, ಆಲ್ಕೊಹಾಲ್ ನಿರೋಧಕ ಎಆರ್-ಎಎಫ್‌ಎಫ್‌ಎಫ್, ಫ್ಲೋರೋಪ್ರೋಟೀನ್ ಮತ್ತು ಎಫ್‌ಎಫ್‌ಎಫ್‌ಪಿ, ಇವೆಲ್ಲದರಲ್ಲಿಯೂ ಫ್ಲೋರಿನ್ ಇದೆ. ಸಾದಾ ಪ್ರೋಟೀನ್ ನೊರೆಯಲ್ಲಿ ಇರುವುದಿಲ್ಲ. ಸುರಕ್ಷತಾ ದತ್ತಾಂಶ ಹಾಳೆಯಲ್ಲಿ ‘ಫ್ಲೋರೋಸರ್ಫ್ಯಾಕ್ಟಂಟ್’ ಎಂಬ ಪದ ಕಂಡರೆ ಅನುಮಾನಕ್ಕೆ ಎಡೆಯೇ ಇಲ್ಲ. ಅದರ ಮುಂದೆ ‘ವ್ಯಾಪಾರ ರಹಸ್ಯ’ ಎಂದಿದ್ದರೆ ತಯಾರಕರಿಂದ ಲಿಖಿತ ವಿವರ ತರಿಸಿಕೊಳ್ಳಿ. ಪಿಎಫ್‌ಒಎಸ್ ಆಧಾರಿತ ನೊರೆಗಳ ದೊಡ್ಡ ತಯಾರಕ ಕಂಪನಿಯಾಗಿದ್ದ 3ಎಂ, ಆ ರಾಸಾಯನಿಕದಿಂದ ಹಿಂದೆ ಸರಿಯುವುದಾಗಿ ಘೋಷಿಸಿದ್ದು 2000ದಲ್ಲಿ. ಆದ್ದರಿಂದ ತೀರಾ ಹಳೆಯ ಡ್ರಮ್‌ಗಳಿದ್ದರೆ ಅವುಗಳನ್ನು ಬೇರೆಯಾಗಿಯೇ ಇಡಿ, ಹೊಸದರೊಂದಿಗೆ ಬೆರೆಸಬೇಡಿ.

ಇನ್ನು ಕಾನೂನಿನ ಮಾತು. ಪಿಎಫ್‌ಒಎಸ್ 2009ರಲ್ಲಿ, ಅದೇ ಗುಂಪಿನ ಪಿಎಫ್‌ಒಎ 2019ರಲ್ಲಿ, ದೀರ್ಘಕಾಲಿಕ ರಾಸಾಯನಿಕಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದರೂ, ಭಾರತದ 2018ರ ನಿಯಮಗಳು ನಿಷೇಧಿಸಿದ ಏಳು ದೀರ್ಘಕಾಲಿಕ ರಾಸಾಯನಿಕಗಳಲ್ಲಿ ಇವೆರಡೂ ಇಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನುಸೂಚಿಯಲ್ಲಿಯೂ ‘ಅಗ್ನಿಶಾಮಕ ನೊರೆ’ ಎಂಬ ಸಾಲು ಕಾಣುವುದಿಲ್ಲ. ಹಾಗೆಂದು ಇದು ಸಾಮಾನ್ಯ ಕಸವಾಗುವುದಿಲ್ಲ. ನನ್ನ ಸಲಹೆಯೆಂದರೆ, ದತ್ತಾಂಶ ಹಾಳೆಯನ್ನು ಲಗತ್ತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು, ನಿಮ್ಮ ಈಗಿನ ಅನುಮತಿ ಪತ್ರದಲ್ಲಿ ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಸೇರಿಸಿಕೊಳ್ಳಿ. ಯಾವ ವರ್ಗದಡಿ ಎಂಬುದನ್ನು ಅವರೇ ಬರೆದುಕೊಡಲಿ. ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ದಾಸ್ತಾನಿಡುವಂತಿಲ್ಲವಾದರೂ, ವರ್ಷಕ್ಕೆ ಹತ್ತು ಟನ್‌ವರೆಗೆ ತ್ಯಾಜ್ಯ ಉಂಟುಮಾಡುವ ಸಣ್ಣ ಘಟಕಗಳಿಗೆ ಮಂಡಳಿಯು ಅದನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಆ ಅವಧಿಯಲ್ಲಿ ಡ್ರಮ್‌ಗಳು ಸೂರಿನಡಿಯಲ್ಲಿ, ಸೋರಿದರೆ ಹಿಡಿದಿಟ್ಟುಕೊಳ್ಳುವ ಕಟ್ಟೆಯೊಳಗೆ, ನಮೂನೆ 8ರ ಹಳದಿ ಚೀಟಿಯೊಂದಿಗೆ ಇರಬೇಕು.

ಕರ್ನಾಟಕದಲ್ಲಿ ಇಂಥ ತ್ಯಾಜ್ಯ ಸ್ವೀಕರಿಸುವ ಟಿಎಸ್‌ಡಿಎಫ್ (ಅಪಾಯಕಾರಿ ತ್ಯಾಜ್ಯದ ಸಂಸ್ಕರಣೆ ಮತ್ತು ವಿಲೇವಾರಿ ಘಟಕ) ಎಂದರೆ ಮೊದಲು ನೆನಪಿಗೆ ಬರುವುದು ದಾಬಸ್‌ಪೇಟೆಯ ಘಟಕ. ದ್ರವ ತ್ಯಾಜ್ಯವನ್ನು ಹಾಗೆಯೇ ಹೂಳುವಂತಿಲ್ಲದ ಕಾರಣ ನಿಮ್ಮ ನೊರೆ ದಹನಕ್ಕೇ ಹೋಗುತ್ತದೆ, ಮತ್ತು ನೀವು ನಿಜವಾಗಿ ಪಟ್ಟು ಹಿಡಿದು ಪ್ರಶ್ನೆ ಕೇಳಬೇಕಾದದ್ದು ಇಲ್ಲಿಯೇ. ಸಾಕಷ್ಟು ಶಾಖವಿಲ್ಲದ ಕುಲುಮೆಯಲ್ಲಿ ಪಿಎಫ್‌ಎಎಸ್ ನಾಶವಾಗದೆ ಚಿಕ್ಕ ತುಣುಕುಗಳಾಗಿ ಚಿಮಣಿಯಿಂದ ಹೊರಬೀಳಬಹುದು. ನ್ಯೂಯಾರ್ಕ್ ರಾಜ್ಯದ ಕೊಹೋಸ್ ಪಟ್ಟಣದ ನಾರ್ಲೈಟ್ ಘಟಕದಲ್ಲಿ ಸೇನೆಯ ನೊರೆಯನ್ನು ಸುಟ್ಟ ಸುದ್ದಿ ಹೊರಬಿದ್ದ ಮೇಲೆ ಜನ ತಿರುಗಿಬಿದ್ದು, 2020ರಲ್ಲಿ ಅಲ್ಲಿ ಅದನ್ನು ಸುಡುವುದನ್ನೇ ಕಾನೂನಿನಿಂದ ನಿಲ್ಲಿಸಲಾಯಿತು. 2022ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ದಹನಕ್ಕೆ ತಾತ್ಕಾಲಿಕ ತಡೆ ಹಾಕಿತು. ಆದ್ದರಿಂದ ಎರಡನೆಯ ದಹನ ಕೋಣೆಯ ಉಷ್ಣತೆ 1,100 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದಂತೆ, ಅನಿಲವು ಅಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲುವಂತೆ ನಡೆಸುತ್ತಾರೆಯೇ, ಹುಟ್ಟುವ ಹೈಡ್ರೋಜನ್ ಫ್ಲೋರೈಡನ್ನು ತೊಳೆಯುವ ಸ್ಕ್ರಬ್ಬರ್ ಇದೆಯೇ ಎಂದು ಲಿಖಿತವಾಗಿ ಕೇಳಿ. ಸುಮಾರು 1,450 ಡಿಗ್ರಿಯಲ್ಲಿ ಸುಣ್ಣದೊಂದಿಗೆ ಬೇಯುವ ಸಿಮೆಂಟ್ ಗೂಡು ಈ ಕೆಲಸಕ್ಕೆ ತಾತ್ವಿಕವಾಗಿ ಇನ್ನೂ ಉತ್ತಮ. ಅನುಮತಿ ಇರುವ ಗೂಡು ಒಪ್ಪಿದರೆ ಅದನ್ನೂ ಪರಿಗಣಿಸಿ. ನೊರೆ ದ್ರಾವಣದ ಬಹುಪಾಲು ನೀರೇ ಆಗಿರುವುದರಿಂದ ಸುಡುವವರಿಗೆ ಅದು ಬೇಡದ ಅತಿಥಿ; ಕಿಲೋ ಲೆಕ್ಕದಲ್ಲಿ ಹೆಚ್ಚು ದರ ಕೇಳಿದರೆ ಆಶ್ಚರ್ಯಪಡಬೇಡಿ. ಮೊದಲು ಮಾದರಿ ಕಳುಹಿಸಿ, ಅವರ ಪ್ರಯೋಗಾಲಯದ ವರದಿ ಬಂದ ಮೇಲೆಯೇ ಒಪ್ಪಂದಕ್ಕೆ ಸಹಿ ಮಾಡಿ.

ಸಾಗಣೆಯ ಲಾರಿಗೆ ಮಂಡಳಿಯ ಅನುಮತಿ ಇರಬೇಕು, ಚಾಲಕರ ಬಳಿ ನಮೂನೆ 9ರ ತುರ್ತು ಕಾರ್ಡ್ ಇರಬೇಕು. ನಮೂನೆ 10ರ ಮ್ಯಾನಿಫೆಸ್ಟ್‌ಗೆ (ಸಾಗಣೆಯ ದಾಖಲೆ ಪತ್ರಕ್ಕೆ) ಏಳು ಬಣ್ಣದ ಪ್ರತಿಗಳು: ಬಿಳಿಯದು ಮಂಡಳಿಗೆ, ಹಳದಿಯದು ನಿಮ್ಮ ಕಡತಕ್ಕೆ, ಉಳಿದವು ಲಾರಿಯೊಂದಿಗೆ. ಸ್ವೀಕರಿಸಿದವರು ಸಹಿ ಹಾಕಿ ನಿಮಗೆ ಮರಳಿಸುವ ನೀಲಿ ಪ್ರತಿ ಬರುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ, ಪೂರ್ಣ ಬಿಲ್ಲನ್ನೂ ಪಾವತಿಸಬೇಡಿ. ಅದರ ಜೊತೆಗೆ ದಹನದ ದಿನಾಂಕ ಮತ್ತು ತೂಕ ನಮೂದಿಸಿದ ಪ್ರಮಾಣಪತ್ರವನ್ನೂ ಪಡೆಯಿರಿ.

ಬಹಳ ಮಂದಿ ಮರೆಯುವುದು ತೊಳೆದ ನೀರನ್ನು. ನಿಮ್ಮ ನೊರೆ ಟ್ಯಾಂಕ್, ಪ್ರೊಪೋರ್ಷನರ್ (ನೊರೆ ದ್ರಾವಣವನ್ನು ಅಳತೆಯಂತೆ ನೀರಿಗೆ ಬೆರೆಸುವ ಸಾಧನ) ಮತ್ತು ಕೊಳವೆಗಳ ಒಳಗೋಡೆಗೆ ಪಿಎಫ್‌ಎಎಸ್ ಅಂಟಿಕೊಂಡಿರುತ್ತದೆ. ಮೂರು ಬಾರಿ ತೊಳೆದರೂ ಅದು ನಿಧಾನವಾಗಿ ಬಿಟ್ಟುಕೊಳ್ಳುತ್ತ ಹೊಸ ನೊರೆಯನ್ನು ಕೆಡಿಸುತ್ತದೆ. ಆ ತೊಳೆದ ನೀರೆಲ್ಲವೂ ಡ್ರಮ್ಮಿನಲ್ಲಿ ತುಂಬಿ ಅದೇ ಲಾರಿಗೆ ಹತ್ತಬೇಕು, ಆದ್ದರಿಂದ ಕಡಿಮೆ ನೀರಿನಲ್ಲಿ ತೊಳೆಯುವ ಯೋಜನೆಯನ್ನು ಮೊದಲೇ ಮಾಡಿಕೊಳ್ಳಿ. ಖಾಲಿ ಡ್ರಮ್‌ಗಳು ಅನುಸೂಚಿ 1ರ 33.1ನೇ ವರ್ಗದಲ್ಲಿಯೇ ಬರುತ್ತವೆ. ಅವು ಕಾರ್ಮಿಕರ ಮನೆಯ ನೀರಿನ ಪೀಪಾಯಿಗಳಾಗದಂತೆ ತೂತು ಕೊರೆಸಿ ಕಳುಹಿಸಿ. ಬದಲಿಗೆ ಫ್ಲೋರಿನ್‌ರಹಿತ ನೊರೆ ತರುವುದಾದರೆ ಹಳೆಯ ಪ್ರೊಪೋರ್ಷನರಿಗೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸದೆ ಸುರಿಯಬೇಡಿ, ಏಕೆಂದರೆ ಅವುಗಳಲ್ಲಿ ಹಲವು ಹೆಚ್ಚು ಮಂದವಾಗಿದ್ದು ಬೆರೆಯುವ ಪ್ರಮಾಣವೇ ತಪ್ಪಿಹೋಗುತ್ತದೆ. ಮತ್ತು ಹೊಸ ನೊರೆ ಪರೀಕ್ಷೆಗೊಂಡು ಸಿದ್ಧವಾಗುವವರೆಗೆ ಈಗ ಅಗ್ನಿಶಾಮಕ ವ್ಯವಸ್ಥೆಯಲ್ಲಿರುವ ನೊರೆಯನ್ನು ತೆಗೆಯಬೇಡಿ. ಥಿನ್ನರ್ ಇರುವ ಜಾಗ ಒಂದು ರಾತ್ರಿಯೂ ನೊರೆಯಿಲ್ಲದೆ ಇರಬಾರದು.